ಅಯಸ್ಕಾಂತದ ಸುರುಳಿಗಾಗಿ ಕಾದ ವರ್ಷಗಳು

ನಾನು ಹಸುಗಳಿಗೆ ಗಬ್ಬ ಕಟ್ಟಿಸುವ ಕೆಲಸದವನು. ಕಾಗದಪತ್ರಗಳಲ್ಲಿ ಅದಕ್ಕೆ ಕೃತಕ ಗರ್ಭಧಾರಣೆ ಎಂಬ ದೊಡ್ಡ ಹೆಸರಿದೆ. ಹಳ್ಳಿಗಳಲ್ಲಿ ನನ್ನನ್ನು ಸೂಜಿ ಡಾಕ್ಟ್ರು ಎನ್ನುತ್ತಾರೆ. ನಾನು ಡಾಕ್ಟರಲ್ಲ, ನಾನು ಹಾಕುವುದು ಸೂಜಿಯೂ ಅಲ್ಲ. ಸುಗಟೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಬೈಕು ಹತ್ತಿದರೆ ಶ್ರೀನಿವಾಸಪುರದ ಕಡೆಯ ಹತ್ತಾರು ಹಳ್ಳಿಗಳು ನನ್ನ ಪಾಲಿಗೆ. ಬೈಕಿನ ಹಿಂದೆ ದ್ರವ ಸಾರಜನಕದ ಕ್ಯಾನು. ಅದರೊಳಗೆ, ಹೊಗೆಯಾಡುವ ಚಳಿಯಲ್ಲಿ, ಎಂದೂ ಈ ಸೀಮೆಗೆ ಕಾಲಿಡದ ಹೋರಿಗಳ ವೀರ್ಯ ತುಂಬಿದ ತೆಳ್ಳನೆಯ ಕಡ್ಡಿಗಳು. ಹಸು ಬೆದೆಗೆ ಬಂದಿದೆ ಎಂದು ಫೋನು ಬಂದರೆ ಹೋಗುತ್ತೇನೆ, ಒಂದು ಕಡ್ಡಿಯನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸುತ್ತೇನೆ, ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಏರಿಸಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ. ಮೂರು ತಿಂಗಳಾದ ಮೇಲೆ ಕೈಯಾಡಿಸಿ ನೋಡಿ, ಗಬ್ಬ ನಿಂತಿದೆ ಎಂದು ಹೇಳುವವನೂ ನಾನೇ. ಹಾಗೆ ಹೇಳಿದ ದಿನ ಆ ಮನೆಯ ಹೆಂಗಸರು ಕಾಫಿ ಕೊಡದೆ ಕಳಿಸುವುದಿಲ್ಲ.

ಹಾಲಿನ ಕೇಂದ್ರದ ಹಿಂದಿನ ಕೋಣೆಯಲ್ಲಿ ಒಂದು ಮೈಕ್ರೋಸ್ಕೋಪ್ ಇದೆ. ಹೊಸ ಕಡ್ಡಿಗಳು ಬಂದಾಗ ಒಂದನ್ನು ಕರಗಿಸಿ, ಗಾಜಿನ ಮೇಲೆ ಹನಿ ಬಿಟ್ಟು, ಒಳಗಿನ ಕಣಗಳಿಗೆ ಓಡಾಟ ಇದೆಯೇ ಎಂದು ನೋಡುವುದು ರೂಢಿ. ಚೆನ್ನಾಗಿದ್ದರೆ ಇಡೀ ಹನಿ ಕುದಿಯುತ್ತಿರುವಂತೆ ಕಾಣುತ್ತದೆ. ಸಾರಜನಕ ಕಡಿಮೆಯಾಗಿ ಕೆಟ್ಟಿದ್ದರೆ ಎಲ್ಲವೂ ಅಲ್ಲಲ್ಲೇ ಬಿದ್ದಿರುತ್ತವೆ. ಅಂಥದ್ದನ್ನು ಎಸೆದುಬಿಡುತ್ತೇವೆ.

ಮದುವೆಯಾಗಿ ನಾಲ್ಕು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ನನ್ನ ಹೆಂಡತಿ ಮುಳಬಾಗಿಲಿನ ಕಡೆಯವಳು, ಮನೆಮಾತು ತೆಲುಗು. ನನ್ನ ತಾಯಿಯ ಜೊತೆ ಸೇರಿ ಮನೆಗೆ ಆತುಕೊಂಡ ಶೆಡ್ಡಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಬೆಳಗಾಗುತ್ತಲೇ ಇಬ್ಬರೂ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುತ್ತಿದ್ದರು. ಅಮ್ಮ ಕನ್ನಡದಲ್ಲಿ ಗದರಿದರೆ ಇವಳು ತೆಲುಗಿನಲ್ಲಿ ಗೊಣಗುತ್ತಿದ್ದಳು. ಅಮ್ಮನಿಗೂ ತೆಲುಗು ಚೆನ್ನಾಗಿಯೇ ಬರುತ್ತಿದ್ದದ್ದರಿಂದ ಆ ಜಗಳ ಕೊನೆಗೆ ನಗುವಿನಲ್ಲಿ ಮುಗಿಯುತ್ತಿತ್ತು. ಅವರಿಬ್ಬರ ನಡುವೆ ನನಗೆ ಜಾಗವೇ ಇಲ್ಲ ಎಂದು ಎಷ್ಟೋ ಸಲ ಅನ್ನಿಸಿ, ಅದು ನನಗೆ ಸಂತೋಷವನ್ನೇ ಕೊಡುತ್ತಿತ್ತು.

ಆ ನಾಲ್ಕನೆಯ ವರ್ಷದ ಒಂದು ಮಧ್ಯಾಹ್ನ, ಕೇಂದ್ರದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ನಾನು ಬಾಗಿಲ ಚಿಲಕ ಹಾಕಿಕೊಂಡು ನನ್ನದೇ ಒಂದು ಹನಿಯನ್ನು ಆ ಗಾಜಿನ ಮೇಲೆ ಇಟ್ಟೆ. ಕಣಗಳೇನೋ ಇದ್ದವು, ಬೇಕಾದಷ್ಟು. ಆದರೆ ಒಂದೂ ಅಲುಗುತ್ತಿರಲಿಲ್ಲ. ಗಾಜು ತಣ್ಣಗಿದೆಯೇನೋ ಎಂದು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ನೋಡಿದೆ. ಅಲ್ಲೊಂದು ಇಲ್ಲೊಂದು ಬಾಲ ಇದ್ದ ಜಾಗದಲ್ಲೇ ನಡುಗಿತು. ಅಷ್ಟೇ. ಹೋರಿಯದಾಗಿದ್ದರೆ ಆ ಕಡ್ಡಿಯನ್ನು ನಾನು ಎಸೆಯುತ್ತಿದ್ದೆ. ಗಾಜನ್ನು ಸೋಪು ಹಾಕಿ ಎರಡು ಸಲ ತೊಳೆದು, ಚಿಲಕ ತೆಗೆದು, ಹಾಲು ಹಾಕಲು ಬರುವವರಿಗಾಗಿ ಕಾಯುತ್ತ ಕೂತೆ.

ಯಾರಿಗೂ ಹೇಳಲಿಲ್ಲ. ಈಗ ಹೇಳುವುದು ಸುಲಭ, ಹೆದರಿದ್ದೆ ಎಂದು. ಆಗ ನಾನು ಅದನ್ನು ಹೆದರಿಕೆ ಎಂದುಕೊಳ್ಳಲಿಲ್ಲ. ಇನ್ನೊಂದು ಸಲ ನೋಡೋಣ, ಜ್ವರ ಬಂದು ಹೋಗಿತ್ತಲ್ಲ, ಅದರಿಂದ ಇರಬೇಕು ಎಂದುಕೊಂಡೆ. ಹೀಗೆ ಹೆಚ್ಚುಕಮ್ಮಿ ಒಂದು ವರ್ಷ ಕಳೆಯಿತು. ಆ ವರ್ಷದಲ್ಲಿ ಅಮ್ಮ ಯಾರೋ ಹೇಳಿದ ಬೇರಿನ ಕಷಾಯ ಮಾಡಿ ಅವಳಿಗೆ ಕುಡಿಸಿದರು. ಅವಳು ಸೋಮವಾರ ಉಪವಾಸ ಹಿಡಿದಳು. ಕೋಲಾರದ ಡಾಕ್ಟರಮ್ಮ ಅವಳ ಗರ್ಭನಾಳ ತೆರೆದಿದೆಯೇ ಎಂದು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಸಿದರು. ಆ ಪರೀಕ್ಷೆಗೆ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಹೊರಗೆ ಬಂದಾಗ ಅವಳ ತುಟಿಯ ಮೇಲೆ ಹಲ್ಲಿನ ಗುರುತು ಮೂಡಿತ್ತು. ಎಲ್ಲ ಸರಿಯಾಗಿದೆಯಂತೆ ಎಂದು ನಗಲು ನೋಡಿದಳು. ನನಗೆ ಗೊತ್ತಿತ್ತು, ಸರಿಯಾಗಿಯೇ ಇರುತ್ತದೆ ಎಂದು.

ಆಮೇಲೆ ಡಾಕ್ಟರಮ್ಮ ನನ್ನ ಪರೀಕ್ಷೆಯಾಗದೆ ಮುಂದೆ ಏನೂ ಮಾಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಫಲಿತಾಂಶದ ಕಾಗದ ಬಂದ ದಿನ ಕೋಲಾರದಿಂದ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆವು. ಅವಳು ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಿದ್ದವಳು ನನ್ನ ಕಡೆ ತಿರುಗದೆಯೇ ಕೇಳಿದಳು.

“ಆ ಮೈಕ್ರೋಸ್ಕೋಪು ನಿಮ್ಮ ಕೈಲೇ ಇತ್ತಲ್ಲ. ಒಂದ್ಸಲನೂ ನೋಡ್ಕೊಳ್ಲಿಲ್ವಾ?”

ನಾನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅವಳಿಗೆ ಅದೇ ಉತ್ತರವಾಯಿತು. ಊರು ಹತ್ತಿರವಾದಾಗ, ಅಮ್ಮನಿಗೆ ಮಾತ್ರ ಹೇಳಬೇಡ ಎಂದೆ. ಅವಳು ತಲೆಯಾಡಿಸಿದಳು. ಆ ಮಾತನ್ನು ಅವಳು ಉಳಿಸಿಕೊಂಡಳು. ಮುಂದಿನ ಎಲ್ಲ ವರ್ಷಗಳಲ್ಲೂ ಉಳಿಸಿಕೊಂಡಳು.

ಓಡಾಡದ ಕಣವನ್ನೇ ಸೂಜಿಯಿಂದ ಎತ್ತಿ ಅಂಡದೊಳಗೆ ಇಡುವ ಚಿಕಿತ್ಸೆ ಇದೆ ಎಂದು ಡಾಕ್ಟರಮ್ಮ ಬೆಂಗಳೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ದೋಷ ನನ್ನದಾದರೂ ಸೂಜಿಗಳೆಲ್ಲ ಅವಳಿಗೆ. ಒಂದೇ ಸಲಕ್ಕೆ ಹೆಚ್ಚು ಅಂಡಗಳು ಬೆಳೆಯಲೆಂದು ದಿನವೂ ಹಾರ್ಮೋನಿನ ಚುಚ್ಚುಮದ್ದು. ಆಗೀಗ ಹಸುಗಳಿಗೆ ಔಷಧಿ ಚುಚ್ಚಿಯೂ ಅಭ್ಯಾಸವಿದ್ದ ನಾನೇ ಅವಳ ಹೊಟ್ಟೆಗೆ ಚುಚ್ಚುತ್ತಿದ್ದೆ. ಅಂಡಗಳನ್ನು ತೆಗೆದ ಮೂರನೆಯ ದಿನ ಅವಳ ಹೊಟ್ಟೆ ಊದಿಕೊಂಡಿತು. ಮರುದಿನಕ್ಕೆ ಮಲಗಿದರೆ ಉಸಿರಾಡಲಾಗದ ಸ್ಥಿತಿ. ಚುಚ್ಚುಮದ್ದಿಗೆ ಮೈ ಅತಿಯಾಗಿ ಸ್ಪಂದಿಸಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದೆ ಎಂದರು. ಒಂದು ವಾರ ಅವಳು ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡಿದಳು. ಮುಳಬಾಗಿಲಿನಿಂದ ಓಡಿ ಬಂದ ಅತ್ತೆ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ಇಂಕ ಚಾಲು ನಾಯನಾ, ಬಿಡ್ಡನಿ ಬತಕನೀಯಂಡಿ,” ಎಂದರು ನನಗೆ. ಇನ್ನು ಸಾಕು, ನನ್ನ ಮಗಳನ್ನು ಬದುಕಲು ಬಿಡಿ ಎಂದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು.

ತೆಗೆದ ಅಷ್ಟೂ ಅಂಡಗಳಲ್ಲಿ ಭ್ರೂಣವಾದದ್ದು ಎರಡು. ಅವನ್ನು ಹೆಪ್ಪುಗಟ್ಟಿಸಿ ಇಟ್ಟು, ಅವಳು ಚೇತರಿಸಿಕೊಂಡ ಮೇಲೆ ಒಂದೊಂದಾಗಿ ಒಳಗೆ ಇಟ್ಟರು. ಎರಡೂ ನಿಲ್ಲಲಿಲ್ಲ.

ಕೋಲಾರದ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇನ್ನೊಂದು ಸಲ ಅಷ್ಟು ಚುಚ್ಚುಮದ್ದು ಕೊಡಿಸಲು ತನಗೆ ಧೈರ್ಯವಿಲ್ಲ ಎಂದರು. ಇವಳಲ್ಲಿ ಯಾವ ತೊಂದರೆಯೂ ಇಲ್ಲ, ದಾನಿಯೊಬ್ಬರ ವೀರ್ಯ ತಂದು ಒಳಗೆ ಬಿಟ್ಟರೆ ಚುಚ್ಚುಮದ್ದೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ, ದಾನಿ ಯಾರೆಂದು ಯಾರಿಗೂ ತಿಳಿಯುವುದಿಲ್ಲ ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಒಪ್ಪಿಗೆ ಇತ್ತು. ಯೋಚನೆ ಮಾಡಿ ಹೇಳುತ್ತೇವೆ ಎಂದು ನಾನು ಎದ್ದೆ.

ಆ ಯೋಚನೆ ಇನ್ನೂ ನಡೆಯುತ್ತಿದ್ದಾಗಲೇ ನಮ್ಮಂಥ ಕೆಲಸದವರಿಗೆಲ್ಲ ಕೋಲಾರದಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ಮೊದಲ ದಿನ ಊಟವಾದ ಮೇಲೆ ಅರ್ಧ ಸಭೆ ತೂಕಡಿಸುತ್ತಿತ್ತು. ಬೆಂಗಳೂರಿನ ಒಂದು ಸಂಶೋಧನಾಲಯದಿಂದ ಬಂದಿದ್ದ ವಿಜ್ಞಾನಿ, ಮೂವತ್ತೈದರ ಆಸುಪಾಸಿನ ಹೆಂಗಸು, ಪರದೆಯ ಮೇಲೆ ಒಂದು ವಿಡಿಯೋ ಹಾಕಿದರು. ಕಂಡದ್ದು ಹೋರಿಯ ಒಂದೇ ಒಂದು ವೀರ್ಯಕಣ, ನಿಶ್ಚಲವಾಗಿ ಬಿದ್ದಿರುವುದು. ಪರದೆಯ ಮೂಲೆಯಿಂದ ಒಂದು ಸಣ್ಣ ಸುರುಳಿ, ಪುಸ್ತಕಕ್ಕೆ ಹಾಕುವ ಸ್ಪ್ರಿಂಗಿನ ತುಂಡಿನ ಹಾಗಿರುವುದು, ತಿರುಗುತ್ತ ತಿರುಗುತ್ತ ಬಂತು. ಆ ಕಣದ ಬಾಲವನ್ನು ತನ್ನೊಳಗೆ ಸೇರಿಸಿಕೊಂಡಿತು. ತಲೆ ಮಾತ್ರ ಮುಂದೆ ಉಳಿಯಿತು. ಆಮೇಲೆ ಸುರುಳಿ ಆ ಸತ್ತಂತಿದ್ದ ಕಣವನ್ನು ತಳ್ಳಿಕೊಂಡು ಹೊರಟಿತು.

ಇದೂ ಒಂದು ರೋಬೋಟೇ ಎಂದು ಆಕೆ ವಿವರಿಸಿದರು. ಇದಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಕೂದಲಿನ ದಪ್ಪಕ್ಕಿಂತಲೂ ಸಣ್ಣದು. ಮೇಲೆ ಅಯಸ್ಕಾಂತಕ್ಕೆ ಓಗೊಡುವ ಲೋಹದ ಲೇಪವಿದೆ. ಹೊರಗೆ ಅಯಸ್ಕಾಂತದ ಶಕ್ತಿಯನ್ನು ತಿರುಗಿಸಿದರೆ ಒಳಗೆ ಸುರುಳಿಯೂ ತಿರುಗುತ್ತ, ಮರಕ್ಕೆ ತಿರುಪು ಇಳಿಯುವ ಹಾಗೆ, ಮುಂದೆ ಸಾಗುತ್ತದೆ. ಈಜಲು ಬಾರದ ಕಣವನ್ನು ಒಂದು ದಿನ ಹೀಗೆ ಮೈಯೊಳಗೇ ಅಂಡದ ಬಳಿಗೆ ಒಯ್ಯಬಹುದು, ಅಂಡವನ್ನು ಹೊರಗೆ ತೆಗೆಯುವ ಅಗತ್ಯವೇ ಬೀಳದಿರಬಹುದು ಎಂದರು.

ಪಕ್ಕದಲ್ಲಿದ್ದವನು ನನ್ನ ಮೊಣಕೈ ತಟ್ಟಿ, “ಏನ್ಲಾ, ಇನ್ನು ನಮ್ ಕೆಲ್ಸಾನೂ ಹೋಯ್ತು,” ಎಂದು ನಕ್ಕ. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ತರಬೇತಿ ಮುಗಿದ ಮೇಲೆ ಆಕೆಯ ಕಾರಿನ ಹತ್ತಿರ ಹೋಗಿ ನಿಂತೆ. ನನ್ನ ವಿಷಯ ಹೇಳಲಿಲ್ಲ. ಮನುಷ್ಯರಿಗೆ ಇದು ಯಾವಾಗ ಬರುತ್ತದೆ ಮೇಡಂ ಎಂದಷ್ಟೇ ಕೇಳಿದೆ.

“ಹೇಳೋದು ಕಷ್ಟ. ಐದು ವರ್ಷ ಆಗಬಹುದು, ಹತ್ತಾಗಬಹುದು. ಬರದೇನೂ ಇರಬಹುದು,” ಎಂದರು ಆಕೆ. ಪ್ರಾಮಾಣಿಕವಾಗಿಯೇ ಹೇಳಿದರು. ಆ ಮೂರರಲ್ಲಿ ಐದು ವರ್ಷವನ್ನು ಮಾತ್ರ ಎತ್ತಿಕೊಂಡು ನಾನು ಮನೆಗೆ ಬಂದೆ.

ಹೆಂಡತಿಗೆ ಫೋನಿನಲ್ಲಿ ಅಂಥದೇ ಒಂದು ವಿಡಿಯೋ ಹುಡುಕಿ ತೋರಿಸಿದೆ. ಶೆಡ್ಡಿನಲ್ಲಿ ಹುಳುಗಳಿಗೆ ಸೊಪ್ಪು ಹರಡುತ್ತಿದ್ದವಳು ಕೈ ಒರೆಸಿಕೊಂಡು ಪೂರ್ತಿ ನೋಡಿದಳು. ಐದು ವರ್ಷದಲ್ಲಿ ಬಂದುಬಿಡುತ್ತದಂತೆ ಎಂದೆ. ನಮ್ಮದೇ ಮಗುವಾಗುತ್ತದೆ, ನಿನಗೆ ಒಂದು ಚುಚ್ಚುಮದ್ದೂ ಇರುವುದಿಲ್ಲ ಎಂದೆ.

“ಕೆಲಸ ಆದ್ಮೇಲೆ ಆ ಕಬ್ಬಿಣ ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದಳು.

“ಅದನ್ನೆಲ್ಲ ಅವರು ನೋಡ್ಕೋತಾರೆ ಕಣೇ.”

“ಹೋಗೋದು ನನ್ನೊಳಗೆ ತಾನೇ,” ಎಂದಳು. ಮತ್ತೆ ಸೊಪ್ಪು ಹರಡತೊಡಗಿದಳು.

ಅವಳಿಗೆ ಆಗ ಮೂವತ್ನಾಲ್ಕು. ದಾನಿಯ ಮಾತನ್ನು ಡಾಕ್ಟರಮ್ಮ ಮತ್ತೆ ಎತ್ತಿದಾಗ ನಾನು ಸುರುಳಿಯ ವಿಷಯ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ತಾನೂ ಅದರ ಬಗ್ಗೆ ಓದಿದ್ದೇನೆ, ಅದೆಲ್ಲ ಗಾಜಿನ ತಟ್ಟೆಯೊಳಗೆ ನಡೆಯುತ್ತಿರುವ ಆಟ, ಮನುಷ್ಯರ ಹತ್ತಿರಕ್ಕೂ ಬಂದಿಲ್ಲ, ಅದನ್ನು ನಂಬಿ ಒಂದು ವರ್ಷವನ್ನೂ ಕಳೆಯಬೇಡಿ ಎಂದರು. ಹೆಂಗಸಿನ ಅಂಡಗಳು ಯಾರಿಗಾಗಿಯೂ ಕಾಯುವುದಿಲ್ಲ ಎಂದೂ ಹೇಳಿದರು. ನಾನು ಹೂಂ ಎಂದೆ. ಮುಂದಿನ ತಪಾಸಣೆಗೆ ಹೋಗಲಿಲ್ಲ.

ಆ ವರ್ಷಗಳಲ್ಲಿ ನಾನು ಬದುಕಿದ ಬಗೆ ವಿಚಿತ್ರ. ಹಸು ಕಟ್ಟಿದ ಕೊಟ್ಟಿಗೆಯ ಹೊರಗೆ, ಯಾರಾದರೂ ಬಿಸಿನೀರು ತರುವವರೆಗೆ, ಫೋನಿನಲ್ಲಿ ಸುರುಳಿಯ ಸುದ್ದಿ ಹುಡುಕುತ್ತಿದ್ದೆ. ಎಲ್ಲೋ ಒಂದು ದೇಶದಲ್ಲಿ ಅದು ಇನ್ನಷ್ಟು ವೇಗವಾಗಿ ತಿರುಗಿತು ಎಂದು ಬರುತ್ತಿತ್ತು. ಇನ್ನೆಲ್ಲೋ ಮೈಯೊಳಗೆ ಕರಗಿಹೋಗುವಂಥ ಸುರುಳಿ ಮಾಡುತ್ತಿದ್ದಾರೆ ಎಂದು. ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಆಸೆ ತುಂಬಿಕೊಡುತ್ತಿತ್ತು. ಪ್ರತಿ ಸುದ್ದಿಯನ್ನೂ ಹೆಂಡತಿಗೆ ಹೇಳುತ್ತಿದ್ದೆ. ಮೊದಮೊದಲು ಕೇಳುತ್ತಿದ್ದಳು. ಆಮೇಲಾಮೇಲೆ ನಾನು ಫೋನು ಹಿಡಿದು ಹತ್ತಿರ ಬಂದರೆ ಏನಾದರೂ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು.

ಲಕ್ಕೂರಿನಲ್ಲಿರುವ ನನ್ನ ಅಕ್ಕನ ಮಗಳ ಸೀಮಂತಕ್ಕೆ ಎಲ್ಲರೂ ಹೋಗಿದ್ದೆವು. ಹೆಂಗಸರು ಒಬ್ಬೊಬ್ಬರಾಗಿ ಹುಡುಗಿಗೆ ಅರಿಶಿನ ಕುಂಕುಮ ಇಟ್ಟು ಬಳೆ ತೊಡಿಸುತ್ತಿದ್ದರು. ನನ್ನ ಹೆಂಡತಿ ತಟ್ಟೆ ಹಿಡಿದು ಮುಂದೆ ಬಂದಳು. ಆಗ ಅಮ್ಮ, ಯಾರಿಗೂ ಕೇಳಿಸದ ಹಾಗೆ, ನೀನು ಆಮೇಲೆ ಇಡುವೆಯಂತೆ ಎಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕದವಳಿಗೆ ಕೊಟ್ಟರು. ಅಮ್ಮ ಕೆಟ್ಟವರಲ್ಲ. ನೆಂಟರ ಬಾಯಿಗೆ ಸೊಸೆ ಬೀಳದಿರಲಿ ಎಂದೇ ಹಾಗೆ ಮಾಡಿದರೇನೋ. ನಾನು ಗಂಡಸರ ಜೊತೆ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದೆ. ಎಲ್ಲವೂ ಕಂಡಿತು. ಹೆಂಡತಿ ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಗೋಡೆಯ ಕಡೆ ಸರಿದಳು. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಊಟಕ್ಕೆ ಎಲೆ ಹಾಕಿದ್ದಾರೆಯೇ ಎಂದು ಪಕ್ಕದವರನ್ನು ಕೇಳಿದೆ.

ಮರುದಿನ ಬೆಳಿಗ್ಗೆ ನಾನು ಕ್ಯಾನು ಕಟ್ಟುತ್ತಿದ್ದಾಗ ಅವಳು ಬೈಕಿನ ಹತ್ತಿರ ಬಂದು ನಿಂತಳು. ದನಿ ಏರಿಸಲಿಲ್ಲ.

“ದಿನಾ ಬೆಳಗೆದ್ದು ಊರೂರಿಗೂ ಹೋಗಿ ಯಾವ್ದೋ ಹೋರಿದು ಹಾಕಿ ಬರ್ತೀರ. ಹುಟ್ಟೋ ಕರು ಆ ಮನೇದೇ ಅಲ್ವಾ? ಆ ಮನೆಯೋರೇ ಹೆಸರಿಟ್ಟು ಸಾಕೋದಲ್ವಾ?”

“ನಾವೇನು ದನಗಳಾ?” ಎಂದೆ.

“ಅಲ್ಲ,” ಎಂದಳು. “ದನಗಳಾಗಿದ್ರೆ ಇಷ್ಟೊತ್ತಿಗೆ ನೀವೇ ನನಗೊಂದು ದಾರಿ ಮಾಡ್ತಿದ್ರಿ.”

ಅದಾದ ಮೇಲೆ ಅವಳು ದಾನಿಯ ವಿಷಯ ಎತ್ತಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ನನ್ನ ಲೆಕ್ಕದ ಐದು ವರ್ಷ ತುಂಬಿದಾಗ ಬೆಂಗಳೂರಿನ ಆ ಸಂಶೋಧನಾಲಯವನ್ನು ಹುಡುಕಿಕೊಂಡು ಹೋದೆ. ಅದೇ ವಿಜ್ಞಾನಿ ಇದ್ದರು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಬಂದಿತ್ತು. ಕೋಲಾರದ ತರಬೇತಿ ಎಂದಾಗ ನೆನಪಾಗಿ, ಒಳಗೆ ಕರೆದು ಕೂರಿಸಿದರು. ಈ ಸಲ ನನ್ನ ವಿಷಯವನ್ನೆಲ್ಲ ಹೇಳಿದೆ. ಅಪರಿಚಿತರೊಬ್ಬರೆದುರು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕೆ ಎದ್ದು, ಬನ್ನಿ, ನೀವೇ ನೋಡಿ ಎಂದು ಪ್ರಯೋಗಶಾಲೆಗೆ ಕರೆದೊಯ್ದರು.

ಮೈಕ್ರೋಸ್ಕೋಪಿನ ಸುತ್ತ ತಾಮ್ರದ ತಂತಿ ಸುತ್ತಿದ ದಪ್ಪ ಉರುಳೆಗಳಿದ್ದವು. ಅವುಗಳಲ್ಲಿ ಕರೆಂಟು ಹರಿದರೆ ಅಯಸ್ಕಾಂತವಾಗುತ್ತವೆ. ಪಕ್ಕದಲ್ಲಿ ಮಕ್ಕಳ ವಿಡಿಯೋ ಆಟಕ್ಕೆ ಇರುವಂಥ ಒಂದು ಹಿಡಿ. ಪರದೆಯ ಮೇಲೆ ಸುರುಳಿ ಕಂಡಿತು. ಇಷ್ಟು ವರ್ಷ ಫೋನಿನಲ್ಲಿ ನೋಡಿದ್ದನ್ನು ಎದುರಿಗೇ ನೋಡಿದಾಗ ನನ್ನ ಕಣ್ಣು ಮಂಜಾಯಿತು. ಆಕೆ ಹಿಡಿಯನ್ನು ನನ್ನ ಕೈಗೆ ಕೊಟ್ಟರು. ನಾನು ಮೆಲ್ಲಗೆ ವಾಲಿಸಿದೆ. ಸುರುಳಿ ನಡುಗಿ, ತಿರುಗಿ, ಹೊರಟಿತು. ಸತ್ತಂತೆ ಬಿದ್ದಿದ್ದ ಒಂದು ಹೋರಿಯ ಕಣದ ಹತ್ತಿರಕ್ಕೆ ತಂದೆ. ನಾಲ್ಕನೆಯ ಪ್ರಯತ್ನಕ್ಕೆ ಬಾಲ ಒಳಗೆ ಸಿಕ್ಕಿತು. ತಳ್ಳಿಕೊಂಡು ಹೋದೆ. ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ನನ್ನ ಕೈಯಾರೆ.

“ಈಗ ಬಿಡಿಸಿ,” ಎಂದರು ಆಕೆ.

ಹಿಂದಕ್ಕೆ ತಿರುಗಿಸಿದೆ. ಸುರುಳಿಯ ಜೊತೆ ಕಣವೂ ಹಿಂದಕ್ಕೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದೆ. ಬಾಲ ಒಳಗೇ ಅಂಟಿಕೊಂಡಿತ್ತು. ಕೊನೆಗೆ ತಲೆ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ನಾನು ಹಿಡಿ ಬಿಟ್ಟೆ.

ಹೀಗೇ ಆಗುವುದು ಎಂದು ಆಕೆ ಹೇಳಿದರು. ಹಿಡಿಯುತ್ತದೆ, ಬಿಡುವುದಿಲ್ಲ. ಬಿಟ್ಟರೂ ಎಷ್ಟೋ ಸಲ ಕಣಕ್ಕೆ ಪೆಟ್ಟಾಗಿರುತ್ತದೆ. ಗಾಜಿನ ತಟ್ಟೆಯಲ್ಲಾದರೆ ಕಣ್ಣಿಗೆ ಕಾಣುತ್ತದೆ, ಹೆಂಗಸಿನ ಮೈಯೊಳಗೆ ಇಷ್ಟು ಸಣ್ಣದನ್ನು ನೋಡುತ್ತ ನಡೆಸುವ ದಾರಿ ಇನ್ನೂ ಸಿಕ್ಕಿಲ್ಲ. ಒಂದು ಕಣ ಸಾಲುವುದೂ ಇಲ್ಲ, ನೂರಾರು ಬೇಕಾಗಬಹುದು. ನನ್ನ ಹೆಂಡತಿ ಕೇಳಿದ್ದ ಪ್ರಶ್ನೆಯನ್ನೂ ಕೇಳಿದೆ, ಕೆಲಸ ಮುಗಿದ ಮೇಲೆ ಸುರುಳಿ ಎಲ್ಲಿಗೆ ಹೋಗುತ್ತದೆ ಎಂದು. ಒಳ್ಳೆಯ ಪ್ರಶ್ನೆ, ಅದಕ್ಕೂ ಪೂರ್ತಿ ಉತ್ತರವಿಲ್ಲ ಎಂದರು. ಅವರ ಜೊತೆಯಿದ್ದ ವಿದ್ಯಾರ್ಥಿಗಳು ಬೇರೆ ಕೆಲಸಗಳಿಗೆ ಹೋಗಿದ್ದರು. ಅದೇ ಸುರುಳಿಯನ್ನು ಈಗ ಮೈಯೊಳಗೆ ಔಷಧಿ ಒಯ್ಯಲು ಬಳಸುವ ಬಗ್ಗೆ ಅವರ ಯೋಚನೆ ಹರಿದಿತ್ತು.

ನಾನು ಒಂದು ಮೂರ್ಖ ಮಾತು ಕೇಳಿದೆ. ನನ್ನದನ್ನೇ ಕೊಡುತ್ತೇನೆ, ಪ್ರಯೋಗ ಮಾಡಿ ನೋಡಿ ಎಂದೆ. ಹಾಗೆಲ್ಲ ಮಾಡಲು ಅನುಮತಿ ಇಲ್ಲ ಎಂದು ಆಕೆ ಮೃದುವಾಗಿ ಹೇಳಿದರು. ಹಾಗಾದರೆ ಎಷ್ಟು ವರ್ಷ ಎಂದೆ.

“ಐದು ಆಗಬಹುದು, ಹತ್ತಾಗಬಹುದು,” ಎಂದು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. “ನಾನು ಅವತ್ತೂ ಹಿಂಗೇ ಹೇಳಿದ್ನಾ?”

“ಹೌದು ಮೇಡಂ.”

“ಅದನ್ನ ನಂಬಿ ಕಾದ್ರಾ?”

ನಾನು ಚಪ್ಪಲಿ ಹಾಕಿಕೊಂಡೆ. ಆಕೆ ಗೇಟಿನವರೆಗೂ ನನ್ನ ಜೊತೆ ನಡೆದು ಬಂದರು. ಅವರ ತಪ್ಪೇನೂ ಇರಲಿಲ್ಲ.

ಸಂಜೆ ಮನೆ ತಲುಪಿ, ಅಮ್ಮ ಹಾಲಿನ ಡೈರಿಗೆ ಹೋದ ಹೊತ್ತು ನೋಡಿಕೊಂಡು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅದು ಬರುವುದಿಲ್ಲ, ನಾನೇ ಹಟ ಹಿಡಿದೆ, ನಾಳೆಯೇ ಕೋಲಾರಕ್ಕೆ ಹೋಗೋಣ, ದಾನಿಯ ದಾರಿಗೆ ನನ್ನ ಒಪ್ಪಿಗೆ ಇದೆ ಎಂದೆ. ಹೇಳುತ್ತಿದ್ದಾಗ ನಾನೊಂದು ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂದೇ ನನಗೆ ಅನ್ನಿಸುತ್ತಿತ್ತು. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಡಲಿಲ್ಲ.

“ನಂಗೆ ಮುಟ್ಟು ನಿಂತು ಏಳು ತಿಂಗಳಾಯ್ತು,” ಎಂದಳು.

ಒಂದು ಕ್ಷಣ ನನಗೆ ಅದು ಬೇರೆಯದೇ ಅರ್ಥ ಕೊಟ್ಟಿತು. ಆ ಕ್ಷಣವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ನನ್ನ ಮುಖದಲ್ಲಿ ಅದನ್ನು ಓದಿಕೊಂಡು ತಲೆಯಾಡಿಸಿದಳು. ಹಾಗಲ್ಲ ಎಂದಳು. ತಾನೊಬ್ಬಳೇ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದಿದ್ದಳಂತೆ. ಕೆಲವರಿಗೆ ನಲವತ್ತಕ್ಕೇ ಹೀಗಾಗುತ್ತದೆ, ಅಂಡಗಳು ಮುಗಿದಿವೆ ಎಂದರಂತೆ.

“ನನಗ್ಯಾಕೆ ಹೇಳ್ಲಿಲ್ಲ?”

“ನೀವು ಕಾಯ್ತಾ ಇದ್ರಲ್ಲ,” ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮಗುವೊಂದನ್ನು ದತ್ತು ತೆಗೆದುಕೊಳ್ಳೋಣ ಎಂದು ನಾನು ಒಂದೆರಡು ಸಲ ಹೇಳಿದೆ. ಇನ್ನೊಂದು ಪಟ್ಟಿಯಲ್ಲಿ ಹೆಸರು ಬರೆಸಿ ಇನ್ನಷ್ಟು ವರ್ಷ ಕಾಯುವ ಶಕ್ತಿ ತನಗಿಲ್ಲ ಎಂದಳು. ಅಲ್ಲಿಗೆ ಅದೂ ನಿಂತಿತು.

ಏನಾದರೂ ಒಂದನ್ನು ಸರಿಪಡಿಸಬೇಕು ಎಂಬ ಉರಿ ನನಗೆ. ಒಂದು ಬೆಳಿಗ್ಗೆ ಹೆಂಡತಿ ತೋಟಕ್ಕೆ ಹೋಗಿದ್ದಾಗ ಅಮ್ಮನ ಮುಂದೆ ಕೂತು ಹೇಳಿದೆ. ದೋಷ ಮೊದಲಿನಿಂದಲೂ ನನ್ನದು, ಅವಳದಲ್ಲ, ಏಳೆಂಟು ವರ್ಷದ ಹಿಂದೆಯೇ ನನಗೆ ಗೊತ್ತಿತ್ತು, ಹೇಳಬೇಡ ಎಂದು ಅವಳ ಬಾಯಿ ಕಟ್ಟಿದವನೂ ನಾನೇ ಎಂದೆ. ಅಮ್ಮ ಒಲೆಯ ಮುಂದೆ ಕೂತಿದ್ದರು. ಕೇಳಿ ಮುಗಿದ ಮೇಲೆ ಉರಿಯುತ್ತಿದ್ದ ಸೌದೆಯನ್ನು ಹಿಂದಕ್ಕೆಳೆದರು.

“ಅವಳಿಗೆ ಬೇರು ಅರೆದು ಕುಡಿಸಿದ್ದೆ ಕಣೋ,” ಎಂದರು. “ಅವಳ ಕೈಯಿಂದ ತಟ್ಟೆ ಕಿತ್ಕೊಂಡೆ. ಈಗ್ಯಾಕೆ ಹೇಳ್ದೆ? ಇನ್ನು ಅವಳ ಮುಖ ಹೆಂಗೆ ನೋಡ್ಲಿ ನಾನು?”

ಅವರು ನಿಜವಾಗಿಯೂ ನೋಡಲಾಗದೆ ಹೋದರು. ಅವಳು ಒಳಗೆ ಬಂದರೆ ಇವರು ಹೊರಗೆ ಹೋಗುತ್ತಿದ್ದರು. ಶೆಡ್ಡಿನಲ್ಲಿ ಒಟ್ಟಿಗೆ ಕೂತು ಸೊಪ್ಪು ಹರಡುವುದು ನಿಂತಿತು. ಬಡಿಸಿದ್ದನ್ನು ತಲೆ ತಗ್ಗಿಸಿ ಊಟ ಮಾಡಿ ಎದ್ದುಬಿಡುತ್ತಿದ್ದರು. ಹೆಂಡತಿ ಎಷ್ಟು ಸಲ ತಾನಾಗಿಯೇ ಮಾತಾಡಿಸಿದರೂ, ಆಯ್ತಮ್ಮ, ಹೂಂ ಅಮ್ಮ ಎನ್ನುತ್ತಿದ್ದರು. ಅದುವರೆಗೆ ಒಂದು ದಿನವೂ ಅವಳನ್ನು ಅವರು ಅಮ್ಮ ಎಂದು ಕರೆದವರಲ್ಲ. ಎರಡು ತಿಂಗಳಾದ ಮೇಲೆ, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಮಾಲೂರಿನಲ್ಲಿರುವ ನನ್ನ ಅಣ್ಣನ ಮನೆಗೆ ಹೋದರು. ಬರಲಿಲ್ಲ. ನಾವು ನೋಡಲು ಹೋದಾಗ ಹೆಂಡತಿಯ ಕೈಯನ್ನು ಹಿಡಿದುಕೊಳ್ಳುತ್ತಾರೆ, ಮಾತಾಡುವುದಿಲ್ಲ.

“ಯಾರನ್ನ ಕೇಳಿ ಹೇಳಿದ್ರಿ?” ಎಂದು ಹೆಂಡತಿ ಒಂದೇ ಸಲ ಕೇಳಿದಳು. “ನಂಗೆ ಈ ಮನೇಲಿ ಇದ್ದದ್ದು ಅವರೊಬ್ಬರು.”

ಒಬ್ಬಳ ಕೈಯಲ್ಲಿ ಹುಳು ಸಾಕಲಾಗುವುದಿಲ್ಲ. ಪೊರೆ ಕಳಚುವ ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹುಳುಗಳ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಇನ್ನೊಂದು ಜೊತೆ ಕೈ ಬೇಕೇ ಬೇಕು. ನಾನು ಕೆಲಸದ ಮಧ್ಯೆ ಬಂದು ಸೇರಿಕೊಂಡರೂ ಒಂದು ಬೆಳೆ ಕೈಗೆ ಹತ್ತಲಿಲ್ಲ. ತಟ್ಟೆಗಳನ್ನು, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಪಕ್ಕದ ಊರಿನವರಿಗೆ ಕೊಟ್ಟುಬಿಟ್ಟೆವು. ಈಗ ಅವಳು ನರಸಾಪುರದ ಕಡೆಯ ಒಂದು ಕಾರ್ಖಾನೆಗೆ ಹೋಗುತ್ತಾಳೆ. ಬೆಳಿಗ್ಗೆ ಕಂಪನಿಯ ಬಸ್ಸು ಬರುತ್ತದೆ. ತಲೆಗೆ ನೀಲಿ ಟೋಪಿ ಹಾಕಿಕೊಂಡು ಸಾಲಿನಲ್ಲಿ ನಿಂತು ತಂತಿ ಜೋಡಿಸುವ ಕೆಲಸ. ಅಲ್ಲಿ ತನಗೆ ಇಬ್ಬರು ಸ್ನೇಹಿತೆಯರಿದ್ದಾರೆ ಎಂದು ಒಮ್ಮೆ ಹೇಳಿದಳು. ಅವರ ಬಗ್ಗೆ ಇನ್ನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯಲ್ಲಿ ನಾವು ಜಗಳವಾಡುವುದಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳುತ್ತಾಳೆ, ಸರಿಯಾಗಿದೆ ಎನ್ನುತ್ತೇನೆ.

ಹೋದ ವಾರ ಶ್ರೀನಿವಾಸಪುರದ ಆಚೆ, ಮಾವಿನ ತೋಟದೊಳಗಿನ ಒಂದು ಒಂಟಿ ಮನೆಗೆ ಹೋಗಿದ್ದೆ. ಹೊಸಬರು. ಹಸು ಎರಡು ಸಲ ತಿರುಗಿತ್ತು, ಅಂದರೆ ಹಾಕಿಸಿದರೂ ಗಬ್ಬ ನಿಂತಿರಲಿಲ್ಲ. ಕೆಲಸ ಮುಗಿಸಿ ಕೈತೊಳೆಯುತ್ತಿದ್ದಾಗ ಮನೆಯ ಯಜಮಾನ ಚೊಂಬಿನಿಂದ ನೀರು ಹುಯ್ಯುತ್ತ, ನಿಮಗೆಷ್ಟು ಮಕ್ಕಳು ಸಾರ್ ಎಂದು ಕೇಳಿದ. ಇಲ್ಲ ಎಂದೆ. ಅಯ್ಯೋ ಪಾಪ, ಅಮ್ಮಾವ್ರಿಗೇನಾದ್ರೂ ತೊಂದರೆನಾ ಎಂದ.

“ಅವಳಿಗೇನೂ ಇರಲಿಲ್ಲ,” ಎಂದೆ. “ತೊಂದರೆ ನಂದು.”

ಅವನು ಚೊಂಬನ್ನು ಕೆಳಗಿಟ್ಟು ಹಸುವಿನ ಬೆನ್ನು ಸವರತೊಡಗಿದ. ಹೇಳಿದ್ದರಿಂದ ನನಗೇನೂ ಹಗುರವಾಗಲಿಲ್ಲ. ಹಗುರವಾಗುತ್ತದೆ ಎಂದು ಇಷ್ಟು ವರ್ಷ ಯಾಕೆ ಅಂದುಕೊಂಡಿದ್ದೆನೋ ಗೊತ್ತಿಲ್ಲ. ಹಸುವಿನ ಕಿವಿಯೋಲೆಯ ಸಂಖ್ಯೆ ಬರೆದುಕೊಂಡೆ, ಇನ್ನು ಇಪ್ಪತ್ತೊಂದು ದಿನ ನೋಡಿ, ಮತ್ತೆ ಬೆದೆಗೆ ಬಂದರೆ ಫೋನು ಮಾಡಿ ಎಂದು ಹೇಳಿ ಅಲ್ಲಿಂದ ಹೊರಟೆ.